ಎಡಗೈಯ ಎರಡು ಬೆರಳು

ಗಂಟೆ ಟೀಚರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ, ಆಮೇಲೆ ದನಿ ಏರುತ್ತದೆ. ಅವತ್ತು ಬೆಳಿಗ್ಗೆ ಕನ್ನಡಕ ಇಳಿದದ್ದು ಕಂಡ ಕೂಡಲೇ ಅವರ ಅಣ್ಣನ ಮಗ ಸದ್ದಿಲ್ಲದೆ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚಿದ. ಮೂವತ್ತು ದಾಟಿದವನು, ಎರಡು ಮಕ್ಕಳ ಅಪ್ಪ, ಊರಿನ ಕಾಲೇಜಿನಲ್ಲಿ ಟೆಂಪರರಿಯಾಗಿ ಪಾಠ ಹೇಳುವವನು. ಆದರೂ ಟೀಚರಿಗೆ ಅವನು ಇನ್ನೂ ಮರಿ. ನಡುಬೀದಿಯಲ್ಲಿ ನಿಂತು ಕರೆದರೂ ಮರಿ ಎಂದೇ ಕರೆಯುತ್ತಿದ್ದರು.

ಗಂಟೆ ಟೀಚರು ಎನ್ನುವುದು ಮಕ್ಕಳು ಇಟ್ಟ ಹೆಸರು. ಅವರು ಹೆಡ್‌ಮಿಸ್ಟ್ರೆಸ್ ಆಗಿದ್ದ ಶಾಲೆಯಲ್ಲಿ ಗಂಟೆ ಸೀಳು ಬಿಟ್ಟ ಮೇಲೆ ಹೊಸದು ತರಿಸುವ ಪ್ರಮೇಯವೇ ಬರಲಿಲ್ಲ. ಟೀಚರು ವರಾಂಡದಲ್ಲಿ ನಿಂತು ಒಂದು ಸಲ ಕೂಗಿದರೆ ಸಾಕಾಗುತ್ತಿತ್ತು. ರಿಟೈರಾದ ಮೇಲೆ ಶಾಲೆ ಹೋಯಿತು, ದನಿ ಮಾತ್ರ ಹಾಗೇ ಉಳಿದು ಮನೆಯವರ ಪಾಲಿಗೆ ಬಂತು.

ಈಗ ಅವರ ಕೈಯಲ್ಲಿ ಅದೇ ಕಾಲೇಜಿನವರು ಕಳಿಸಿದ ಆಹ್ವಾನ ಪತ್ರಿಕೆ ಇತ್ತು. ದಪ್ಪ ಹಾಳೆ, ಬಂಗಾರದ ಬಣ್ಣದ ಅಂಚು. ಕಾಲೇಜಿನ ಅಂಗಳದಲ್ಲಿ ತೀರಿಕೊಂಡ ಅವರ ಅಣ್ಣನ ಕಂಚಿನ ಪ್ರತಿಮೆ ನಿಲ್ಲಿಸುತ್ತಾರೆ, ದೊಡ್ಡ ದೊಡ್ಡವರೆಲ್ಲ ಬರುತ್ತಾರೆ, ಮನೆಯವರೂ ದಯಮಾಡಿಸಬೇಕು ಎಂದು ಅದರ ಒಕ್ಕಣೆ.

"ಓದ್ತೀನಿ ಕೇಳು," ಎಂದರು ಟೀಚರು. "'ಎಲ್ಲರಿಗೂ ತನ್ನ ಬಾಗಿಲನ್ನು ಪ್ರೀತಿಯಿಂದ ತೆರೆದ ನಮ್ಮ ಕಾಲೇಜಿನ ಹೆಮ್ಮೆಯ ವಿದ್ಯಾರ್ಥಿ.' ಪ್ರೀತಿಯಿಂದ ತೆರೆದರಂತೆ. ಯಾರ ಕಿವಿ ಮೇಲೆ ಹೂವಿಡ್ತಾರೆ ಇವರು?"

"ಅತ್ತೆ, ಇಷ್ಟು ವರ್ಷದ ಮೇಲಾದ್ರೂ ಪ್ರತಿಮೆ ಮಾಡಿಸ್ತಿದಾರಲ್ಲ. ಒಂದು ಪದ ಹಿಂದೆಮುಂದೆ ಆದ್ರೆ ಆಗ್ಲಿ ಬಿಡಿ."

"ಪದ ಹಿಂದೆಮುಂದೆ ಆಗಿಲ್ಲ ಕಣೋ. ಗೇಟು ಹಿಂದೆಮುಂದೆ ಆಗಿದೆ."

ಮರಿ ಸುಮ್ಮನಾದ. ಗೇಟಿನ ಮಾತು ಬಂದರೆ ಆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಅವನಂತೂ ಆ ದಿನ ಇನ್ನಷ್ಟು ಬೇಗ ಸುಮ್ಮನಾದ. ಅದು ಯಾಕೆ ಎನ್ನುವುದು ಟೀಚರಿಗೆ ಆಗ ಹೊಳೆಯಲಿಲ್ಲ.

ಗೇಟಿನ ಕಥೆ ಇಷ್ಟು. ನದಿಯ ಈಚೆ ಊರು, ಸೇತುವೆ ದಾಟಿದರೆ ಇವರ ಜನರ ಮನೆಗಳು. ಊರಿನ ಬಟ್ಟೆ ಒಗೆಯುವವರು, ಚರಂಡಿ ತೆಗೆಯುವವರು, ಹೆಣ ಹೊರುವವರು ಎಲ್ಲ ಸೇತುವೆಯಾಚೆಯವರು. ಅವರ ಮಕ್ಕಳನ್ನೂ ಕಾಲೇಜಿಗೆ ಸೇರಿಸಿಕೊಳ್ಳಬೇಕು ಎಂದು ಕಾನೂನು ಬಂತು. ಕಾಲೇಜು ಸೇರಿಸಿಕೊಂಡಿತು, ಬೇಡ ಅನ್ನಲಿಲ್ಲ. ಆದರೆ ಬರುವುದು ಹೋಗುವುದು ಮಾತ್ರ ಹಿಂದಿನ ಗೇಟಿನಲ್ಲಿ. ಹಾಸ್ಟೆಲಿನ ಎಂಜಲು ನೀರು ಹರಿಯುವ ಮೋರಿ, ಅದರ ಪಕ್ಕ ಕಸದ ಗುಂಡಿ, ಅದರ ಪಕ್ಕ ಆಳೆತ್ತರದ ಒಂದು ತಗಡಿನ ಬಾಗಿಲು. ಅದೇ ಅವರ ಹೆಬ್ಬಾಗಿಲು. ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಸಮಾನತೆಯ ಪಾಠ ಕೇಳಿ ಮತ್ತೆ ಮೂಗು ಮುಚ್ಚಿಕೊಂಡು ಹೊರಗೆ ಬರಬೇಕು. ನಗಬೇಕೋ ಅಳಬೇಕೋ ನೀವೇ ಹೇಳಿ.

ಒಂದು ದಿನ ಟೀಚರ ಅಣ್ಣ ಮುಂದಿನ ಗೇಟಿಗೆ ಹೋದ. ಹಿಂದೆ ಒಂದಷ್ಟು ಗೆಳೆಯರು, ಅವರ ಹಿಂದೆ ಎರಡು ಜಡೆಯ ತಂಗಿ. ಆಗಿನ ಪ್ರಿನ್ಸಿಪಾಲರು ಮೆಟ್ಟಿಲ ಮೇಲೆ ನಿಂತಿದ್ದರು. ಗೇಟಿನವನಿಗೆ "ಮುಚ್ಚು" ಎಂದರು. ಕಬ್ಬಿಣದ ಎರಡು ಕದ ಕೂಡುವ ಹೊತ್ತಿಗೆ ಅಣ್ಣ ನಡುವಿನ ಸಂದಿಗೆ ಎಡಗೈ ಇಟ್ಟ. ಗೇಟಿನವನು ಗಾಬರಿಯಾಗಿ ತಿರುಗಿ ನೋಡಿದ. ಪ್ರಿನ್ಸಿಪಾಲರು ಕೆಳಗೂ ಇಳಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಮುಚ್ಚು ಅಂದೆನಲ್ಲ," ಎಂದರು. ಅವನು ಮುಚ್ಚಿದ. ಅಣ್ಣ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಬುಡದವರೆಗೆ ತೆಗೆದರು. ಊರೆಲ್ಲ ಗುಲ್ಲೆದ್ದಿತು, ಸೇತುವೆಯಾಚೆಯ ಜನ ಗೇಟಿನೆದುರು ಬಂದು ಕೂತರು, ಕೊನೆಗೆ ಆ ಗೇಟು ತೆರೆಯಿತು. ಅಲ್ಲಿಂದಾಚೆ ಅಣ್ಣನ ಆಯುಸ್ಸೆಲ್ಲ ಅದೇ ಕೆಲಸಕ್ಕೆ ಹೋಯಿತು. ಎಲ್ಲಿ ಬಾಗಿಲು ಮುಚ್ಚಿದರೂ ಹೋಗಿ ನಿಲ್ಲುವುದು, ಬೈಸಿಕೊಳ್ಳುವುದು, ಜೈಲಿಗೆ ಹೋಗುವುದು, ತೆರೆಸುವುದು. ಜನ ಪ್ರೀತಿಯಿಂದ ಗೇಟಣ್ಣ ಎಂದು ಕರೆದರು. ಹೆಂಡತಿ ಬೇಗ ತೀರಿಕೊಂಡಳು. ಹೋರಾಟದ ಮನುಷ್ಯ ಮನೆಯಲ್ಲಿ ಇರುವುದೇ ಅಪರೂಪವಾದ್ದರಿಂದ ಮಗನನ್ನು ಸಾಕಿದ್ದು ತಂಗಿ.

ಹೀಗೆ ತೆರೆದ ಗೇಟನ್ನು ಕಾಲೇಜು ಪ್ರೀತಿಯಿಂದ ತೆರೆಯಿತಂತೆ. ಟೀಚರು ಪತ್ರಿಕೆಯನ್ನು ಮೇಜಿನ ಮೇಲೆ ಬೋರಲಾಗಿ ಹಾಕಿ ಸೆರಗು ಸರಿಮಾಡಿಕೊಂಡು ಹೊರಟರು. ಅವತ್ತು ಶಿಲ್ಪಿಯ ಶೆಡ್ಡಿಗೆ ಹೋಗುವುದಿತ್ತು.

ಶಿಲ್ಪಿ ಬೇರೆ ಊರಿನವನು, ಕೆಲಸದಲ್ಲಿ ಗಟ್ಟಿಗ. ಅವನದೊಂದು ಕಟ್ಟುನಿಟ್ಟಿನ ಪದ್ಧತಿ. ಮೊದಲು ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುತ್ತಾನೆ. ಅಚ್ಚು ತೆಗೆದು ಕಂಚು ಹೊಯ್ಯುವ ಮುಂಚೆ ತೀರಿಕೊಂಡವರ ಮನೆಯವರು ಬಂದು ನೋಡಬೇಕು. ಹೌದು, ಇವರು ನಮ್ಮವರೇ ಅನ್ನಿಸಿದರೆ ಹಿಮ್ಮಡಿಯ ಹಿಂದೆ, ಪೀಠದ ಹಸಿಮಣ್ಣಿನಲ್ಲಿ, ಹೆಬ್ಬೆರಳು ಒತ್ತಬೇಕು. ಆ ಗುರುತು ಕಂಚಿನಲ್ಲೂ ಉಳಿಯುತ್ತದೆ. ಗುರುತು ಬೀಳದೆ ಅವನು ಒಲೆ ಹಚ್ಚುವುದಿಲ್ಲ. ಹಿಂದೆ ಅವನ ಗುರು ಯಾರದೋ ಪ್ರತಿಮೆ ಮಾಡಿದಾಗ ಆ ಮನೆಯವರೇ "ಇದ್ಯಾರು?" ಎಂದು ಕೇಳಿ ನಗೆಪಾಟಲಾಗಿತ್ತಂತೆ. ಅವತ್ತಿನಿಂದ ಈ ಪದ್ಧತಿ.

ಶೆಡ್ಡಿನಲ್ಲಿ ಹಸಿಮಣ್ಣಿನ ತಂಪು ಇತ್ತು. ಗೋಡೆಗೆ ಪ್ಲಾಸ್ಟರಿನ ಚೀಲಗಳು, ಕಂಬಿಯ ಸುರುಳಿಗಳು, ಒಂದು ಮೂಲೆಯಲ್ಲಿ ಯಾರದೋ ಮೂಗಿಲ್ಲದ ತಲೆ. ನಡುವೆ ತಿರುಗುವ ಮಣೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಆಳೆತ್ತರದ ಮೂರ್ತಿ. ಶಿಲ್ಪಿ ಕೈ ತೊಳೆದು ಬಂದು, "ಕೂತ್ಕೊಳಿ ಅಮ್ಮಾ," ಎಂದು ಸ್ಟೂಲು ಒರೆಸಿಕೊಟ್ಟ. ಟೀಚರು ಕೂರಲಿಲ್ಲ. ಅವನು ತಲೆಯ ಕಡೆಯಿಂದ ಬಟ್ಟೆ ಬಿಚ್ಚತೊಡಗಿದ.

ಮುಖ ಬಂತು. ಅದೇ ಅಗಲ ಹಣೆ, ಬಗ್ಗದ ಕತ್ತು, ಎದುರಿನವನ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡೋಣ ಎನ್ನುವಂತೆ ಒತ್ತಿಟ್ಟ ತುಟಿ. ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ. ಕಣ್ಣು ಒರೆಸಿಕೊಂಡು, "ನಿಮ್ಮಪ್ಪನ ಹತ್ರ ಒಂದು ಮಾತೂ ಆಡಿದವನಲ್ಲ ನೋಡು ಇವನು, ಎಷ್ಟು ಸರಿಯಾಗಿ ಮಾಡಿದಾನೆ," ಎಂದು ಮರಿಗೆ ಹೇಳಿದರು. ಮರಿ ತಲೆಯಾಡಿಸಿದ. ಅವನ ಕಣ್ಣೂ ತುಂಬಿತ್ತು.

ಬಟ್ಟೆ ಹೆಗಲು ದಾಟಿತು, ತೋಳು ದಾಟಿತು, ಮೊಣಕೈ ದಾಟಿತು. ಕೊನೆಗೆ ಎಡಗೈ ಹೊರಗೆ ಬಂತು.

ಟೀಚರ ಕನ್ನಡಕ ಇಳಿಯಿತು.

ಐದು ಬೆರಳು. ತುಂಬಿದ ಕೈ, ಅಂಗೈ ಸ್ವಲ್ಪ ಮುಂದೆ ಚಾಚಿ ಎಲ್ಲರನ್ನೂ ಒಳಗೆ ಕರೆಯುವ ಹಾಗಿದೆ. ಸಾಲದ್ದಕ್ಕೆ ನಾಲ್ಕನೆಯ ಬೆರಳಿಗೆ ಒಂದು ಉಂಗುರ.

"ಇದೇನಪ್ಪ ಇದು?" ಎಂದರು ಟೀಚರು. ದನಿ ಇನ್ನೂ ಏರಿರಲಿಲ್ಲ. ಅದು ಹೆಚ್ಚು ಅಪಾಯದ ಲಕ್ಷಣ ಎನ್ನುವುದು ಮರಿಗೆ ಗೊತ್ತಿತ್ತು, ಪಾಪ ಶಿಲ್ಪಿಗೆ ಗೊತ್ತಿರಲಿಲ್ಲ.

"ಉಂಗುರ ಆಮೇಲೆ ತೀಡಿಬಿಡ್ತೀನಿ ಅಮ್ಮಾ. ಮಾಡಲ್ ಕೈಯಲ್ಲಿತ್ತು, ಹಾಗೇ ಬಂದುಬಿಡ್ತು."

"ಯಾವ ಮಾಡಲ್ಲು? ನಮ್ಮಣ್ಣನಿಗೆ ಉಂಗುರ ಹಾಕೋಕೆ ಬೆರಳೇ ಇರ್ಲಿಲ್ಲವಲ್ಲಪ್ಪ."

ಶಿಲ್ಪಿ ಅರ್ಥವಾಗದೆ ಮರಿಯ ಮುಖ ನೋಡಿದ, ಮೂರ್ತಿಯ ಕೈ ನೋಡಿದ. ಟೀಚರು ಎರಡೇ ಮಾತಲ್ಲಿ ಹೇಳಿದರು. ಕೇಳುತ್ತ ಕೇಳುತ್ತ ಅವನು ತಾನೇ ಆ ಸ್ಟೂಲಿನ ಮೇಲೆ ಕೂತುಬಿಟ್ಟ.

"ನನಗೆ ಯಾರೂ ಹೇಳಲಿಲ್ಲ ಅಮ್ಮಾ. ಪ್ರತಿಮೆ ಕಮಿಟಿಯವರು ಕೊಟ್ಟ ಫೋಟೋದಲ್ಲಿ ಎಲ್ಲೂ ಎಡಗೈ ಕಾಣಲ್ಲ. ಎಲ್ಲ ಅಲ್ಲಿಗೇ ಕಟ್ ಆಗಿದೆ. ಪ್ರಿನ್ಸಿಪಾಲ್ ಸಾರ್ ಹತ್ರ ಕೇಳಿದೆ, ಎಡಗೈ ಹೇಗಿತ್ತು ಸಾರ್ ಅಂತ. ಎಲ್ಲರ ಹಾಗೇ ಇತ್ತು, ಬೇಕಾದ್ರೆ ನನ್ನ ಕೈ ನೋಡಿ ಮಾಡಿ ಅಂದ್ರು. ಅವರೇ ಬಂದು ಇಲ್ಲೇ ಕೂತು ಕೈ ಚಾಚಿಕೊಟ್ರು. ಎಷ್ಟು ಸರಳ ಮನುಷ್ಯರು ಅಂದ್ಕೊಂಡೆ ನಾನು."

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಕೈ ಅದು. ಅಣ್ಣ ಅದನ್ನು ಒಂದು ದಿನವೂ ಬಚ್ಚಿಟ್ಟವನಲ್ಲ. ಸಭೆಯಲ್ಲಿ ಅದನ್ನೇ ಎತ್ತಿ ಮಾತಾಡುತ್ತಿದ್ದ. ಫೋಟೋದವರು ಆ ಕೈ ಹಿಂದಿಡಿ ಎಂದರೆ ಬೇಕೆಂದೇ ಮುಂದಿಡುತ್ತಿದ್ದ, ಪತ್ರಿಕೆಯವರು ಅಷ್ಟು ಭಾಗ ಕತ್ತರಿಸಿ ಅಚ್ಚು ಹಾಕುತ್ತಿದ್ದರು. ಆ ಪ್ರಿನ್ಸಿಪಾಲನ ಕುರ್ಚಿಯಲ್ಲೇ ಕೂತಿರುವ ಈ ಪ್ರಿನ್ಸಿಪಾಲ, ಕಾಲೇಜು ಮುರಿದ ಕೈಗೆ ಬದಲಾಗಿ ತನ್ನ ನುಣ್ಣನೆಯ ಕೈಯನ್ನು ಅಂಟಿಸಿದ್ದಾನೆ. ನಾಚಿಕೆ ಬೇಡವೇ?

ಹೊರಗೆ ಕಾರು ನಿಂತ ಸದ್ದಾಯಿತು. ಪ್ರಿನ್ಸಿಪಾಲರೇ ಬಂದರು. ಗರಿಗರಿ ಅಂಗಿ, ಕೈಯಲ್ಲಿ ಹೂಗುಚ್ಛ. ಮಾತು ಕೇಳಿದರೆ ಬೆಣ್ಣೆ ಹಚ್ಚಿದ ಹಾಗೆ.

"ನಮಸ್ಕಾರ ಮೇಡಂ. ನೋಡಿದ್ರಾ? ಅಣ್ಣನೋರು ಎದ್ದು ಬಂದು ನಿಂತ ಹಾಗಿದೆ ಅಲ್ವಾ?"

"ಅರ್ಧ ನಮ್ಮಣ್ಣ, ಅರ್ಧ ನೀವು. ಯಾವ ಅರ್ಧಕ್ಕೆ ನಮಸ್ಕಾರ ಮಾಡ್ಲಿ ಹೇಳಿ."

ಪ್ರಿನ್ಸಿಪಾಲರು ನಕ್ಕರು. ತಮಾಷೆ ಎಂದುಕೊಂಡರೋ, ತಮಾಷೆ ಮಾಡಿ ಮುಗಿಸೋಣ ಎಂದುಕೊಂಡರೋ. ಟೀಚರು ನಗದೆ ನಿಂತದ್ದು ಕಂಡು ಹೂಗುಚ್ಛವನ್ನು ಪ್ಲಾಸ್ಟರಿನ ಚೀಲದ ಮೇಲಿಟ್ಟರು.

"ಮೇಡಂ, ನೀವೂ ಶಿಕ್ಷಣ ಕ್ಷೇತ್ರದವರು. ನಿಮಗೆ ನಾನು ಹೇಳಬೇಕಾ? ಇದು ವಿದ್ಯಾರ್ಥಿಗಳು ದಿನಾ ನೋಡೋ ಪ್ರತಿಮೆ. ಹಳೇ ನೋವು ಕೆದಕೋದು ಬೇಡ, ಒಳ್ಳೇದನ್ನ ತೋರಿಸೋಣ ಅಂತ ಕಮಿಟಿ ಅಭಿಪ್ರಾಯ. ಊನ ಇರೋ ಮೂರ್ತಿ ಚೆನ್ನಾಗಿರಲ್ಲ. ಅಣ್ಣನೋರು ಪರಿಪೂರ್ಣ ವ್ಯಕ್ತಿ."

"ಊನ ಅವನದಲ್ಲ ಸಾರ್. ಊನ ನಿಮ್ಮ ಕಾಲೇಜಿಂದು. ಅವನ ಕೈ ಮೇಲೆ ಕಾಣಿಸ್ತಿತ್ತು ಅಷ್ಟೇ."

"ಅದು ಆ ಕಾಲದ ಮಾತು. ಆಗಿನೋರು ಯಾರೂ ಈಗಿಲ್ಲ."

"ನಾನಿದೀನಲ್ಲ."

ಪ್ರಿನ್ಸಿಪಾಲರು ಶಿಲ್ಪಿಯ ಕಡೆ ತಿರುಗಿ, "ಇನ್ನು ತಡ ಮಾಡಿದ್ರೆ ಕೆಲಸ ಮುಗಿಯುತ್ತೇನ್ರಿ?" ಎಂದು ಕೇಳಿದರು. ಶಿಲ್ಪಿ, ಈ ವಾರ ಅಚ್ಚು ತೆಗೆಯದಿದ್ದರೆ ಸಮಾರಂಭಕ್ಕೆ ಕಂಚು ಸಿಗುವುದಿಲ್ಲ ಎಂದ. "ಹಾಗಾದ್ರೆ ಶುರು ಮಾಡಿ." ಶಿಲ್ಪಿ ಕದಲಲಿಲ್ಲ. "ಗುರುತು ಬಿದ್ದಿಲ್ಲವಲ್ಲ ಸಾರ್," ಎಂದ.

"ಮಗನದು ಆಗುತ್ತೆ ತಾನೇ?"

"ಆಗುತ್ತೆ. ಮಗ ಒತ್ತಿದ್ರೂ ಆಗುತ್ತೆ."

ಪ್ರಿನ್ಸಿಪಾಲರು ಮರಿಯ ಹೆಗಲ ಮೇಲೆ ಕೈ ಹಾಕಿ ಬಾಗಿಲ ಹೊರಗೆ ಕರೆದುಕೊಂಡು ಹೋದರು. ಟೀಚರಿಗೆ ಮಾತು ಕೇಳಿಸಲಿಲ್ಲ. ಆದರೆ ಮರಿಯ ಬೆನ್ನು ಕಾಣುತ್ತಿತ್ತು. ಶಾಲೆಯಲ್ಲಿ ಎಷ್ಟೋ ಮಕ್ಕಳ ಬೆನ್ನು ನೋಡಿದವರು ಅವರು. ಒಪ್ಪಿಕೊಳ್ಳುವ ಬೆನ್ನು ಯಾವುದು ಎಂದು ಹೇಳಿಕೊಡಬೇಕಾಗಿರಲಿಲ್ಲ.

ಮರಿ ಒಬ್ಬನೇ ಒಳಗೆ ಬಂದ.

"ಅತ್ತೆ, ನನ್ನ ಪರ್ಮನೆಂಟ್ ಆರ್ಡರ್ ರೆಡಿ ಇದೆಯಂತೆ. ಸಮಾರಂಭದ ದಿನವೇ ಕೈಗೆ ಕೊಡ್ತಾರಂತೆ."

"ಇಷ್ಟು ವರ್ಷ ರೆಡಿ ಇರ್ಲಿಲ್ಲ, ಈ ಕೈಗೆ ಐದು ಬೆರಳು ಬಂದ ತಕ್ಷಣ ರೆಡಿ ಆಯ್ತೇನೋ?"

"ಗೊತ್ತು ಅತ್ತೆ. ನಾನೇನು ಪೆದ್ದನಾ?" ಮರಿಯ ದನಿ ಒಡೆಯಿತು. "ನಿಮಗೊಂದು ವಿಷಯ ಹೇಳಿಲ್ಲ ನಾನು. ದಿನಾ ನಾನು ಹಿಂದಿನ ಗೇಟಿಂದ ಒಳಗೆ ಹೋಗೋದು."

ಟೀಚರು ಅವನ ಕಡೆ ತಿರುಗಿದರು.

"ಟೆಂಪರರಿಯವರ ಹಾಜರಿ ಮಷೀನು ಅಲ್ಲಿಟ್ಟಿದಾರೆ. ಕಸ ಗುಡಿಸೋರು, ತೋಟದೋರು, ನಾವು, ಎಲ್ಲ ಅಲ್ಲೇ ಬೆರಳು ಒತ್ತಿ ಒಳಗೆ ಹೋಗ್ಬೇಕು. ಮುಂದಿನ ಗೇಟಲ್ಲಿ ಪರ್ಮನೆಂಟ್ ಕಾರ್ಡ್ ಇಲ್ದಿದ್ರೆ ಬಿಡಲ್ಲ. ಅದೇ ಮೋರಿ, ಅದೇ ಕಸದ ಗುಂಡಿ. ತಗಡು ಮಾತ್ರ ಹೊಸದು. ಪರ್ಮನೆಂಟ್ ಆದ್ರೆ ಮುಂದಿನ ಗೇಟಲ್ಲಿ ಹೋಗಬಹುದು. ಅಪ್ಪ ಅದಕ್ಕೆ ತಾನೇ ಅಷ್ಟೆಲ್ಲ ಮಾಡಿದ್ದು?"

ಟೀಚರು ಈಗ ಸ್ಟೂಲಿನ ಮೇಲೆ ಕೂತರು. ಗೇಟಣ್ಣನ ಮಗ ಹಿಂದಿನ ಗೇಟಿನಲ್ಲಿ. ಅವನಿಗೆ ಊಟದ ಡಬ್ಬಿ ಕಟ್ಟಿ, ಕಾಲರ್ ಸರಿಮಾಡಿ, ನಮ್ಮ ಹುಡುಗ ಅಪ್ಪ ತೆರೆಸಿದ ಗೇಟಿನಲ್ಲಿ ಹೋಗುತ್ತಾನೆ ಎಂದು ಬೀದಿಯವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರಲ್ಲ ಅವರು. ಕಾಲೇಜಿನ ಮೇಲೆ ಸಿಟ್ಟು, ಹೇಳದ ಮರಿಯ ಮೇಲೆ ಸಿಟ್ಟು, ಕೇಳದೆ ಹೋದ ತಮ್ಮ ಮೇಲೇ ಅದಕ್ಕಿಂತ ಹೆಚ್ಚು ಸಿಟ್ಟು. ಇಷ್ಟೂ ಸಿಟ್ಟಿನ ನಡುವೆ ಮರಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎನ್ನುವುದು ಅವರ ಬಾಯಿ ಕಟ್ಟಿಹಾಕಿತು. ಎರಡು ಮಕ್ಕಳ ಅಪ್ಪ ಅವನು. ಬದುಕಿರುವವನ ಅನ್ನ ಒಂದು ಕಡೆ, ತೀರಿಕೊಂಡವನ ಬೆರಳು ಇನ್ನೊಂದು ಕಡೆ.

"ನಾನಂತೂ ಒತ್ತಲ್ಲ," ಎಂದರು ಕೊನೆಗೆ, ಜೀವಮಾನದಲ್ಲೇ ಇಲ್ಲದಷ್ಟು ಸಣ್ಣ ದನಿಯಲ್ಲಿ. "ನೀನು ಅವನ ಮಗ. ನಿನ್ನ ಹೆಬ್ಬೆರಳು ಸಾಕು. ನಾನು ತಡೆಯಲ್ಲ ಕಣೋ. ಆಮೇಲೆ ಒಂದು ಮಾತೂ ಆಡಲ್ಲ."

ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತರು. ಶಿಲ್ಪಿ ಪೀಠಕ್ಕೆ ನೀರು ಚಿಮುಕಿಸಿ, ಹಿಮ್ಮಡಿಯ ಹಿಂದೆ ಒಂದು ತುಂಡು ಹಸಿಮಣ್ಣು ಮೆತ್ತಿದ. ಮಣೆ ತಿರುಗಿಸಿದ. ಮರಿ ಮುಂದೆ ಹೋದ.

ಮೂರ್ತಿಯ ಪಕ್ಕ ಬಗ್ಗಬೇಕು. ಬಗ್ಗುವಾಗ ಮನುಷ್ಯ ಏನನ್ನಾದರೂ ಹಿಡಿದುಕೊಳ್ಳುತ್ತಾನೆ. ಮರಿ ಯೋಚಿಸಲಿಲ್ಲ. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ ಅವನ ಕೈ ತಾನಾಗಿ ಅಪ್ಪನ ಎಡಗೈಗೆ ಹೋಯಿತು.

ಹೋದದ್ದು ಅಲ್ಲೇ ನಿಂತಿತು. ಅವನು ಮತ್ತೊಮ್ಮೆ ಹಿಡಿಯಲು ನೋಡಿದ. ಮುಷ್ಟಿಗೆ ಜಾಗ ಸಿಗಲಿಲ್ಲ.

"ಏನಾಯ್ತು?" ಎಂದರು ಪ್ರಿನ್ಸಿಪಾಲರು.

"ಹಿಡಿಯೋಕೆ ಆಗ್ತಿಲ್ಲ ಸಾರ್." ಮರಿ ತಿರುಗಲಿಲ್ಲ, ಅತ್ತೆಗೆ ಹೇಳುವವನ ಹಾಗೆ ಹೇಳಿದ. "ಅಪ್ಪ ಮನೇಲಿರೋದೇ ಕಮ್ಮಿ. ಇದ್ದಾಗ ಸ್ಕೂಲಿಗೆ ಕರ್ಕೊಂಡು ಹೋಗ್ತಿದ್ರು. ಇಲ್ಲಿ ಎರಡು ಬೆರಳು ಇರ್ಲಿಲ್ವಲ್ಲ, ಅಲ್ಲಿ ನನ್ನ ಮುಷ್ಟಿ ಸರಿಯಾಗಿ ಕೂತ್ಕೊಳ್ತಿತ್ತು. ಎಲ್ಲ ಅಪ್ಪಂದಿರ ಕೈಯಲ್ಲೂ ಮಕ್ಕಳಿಗೆ ಅಂತ ಜಾಗ ಬಿಟ್ಟಿರ್ತಾರೆ ಅಂದ್ಕೊಂಡಿದ್ದೆ ನಾನು. ಬೇರೆ ಹುಡುಗರ ಅಪ್ಪಂದಿರ ಕೈ ನೋಡಿ, ಅಯ್ಯೋ ಪಾಪ, ಇವರಿಗೆ ಜಾಗವೇ ಇಲ್ವಲ್ಲ ಅಂತ ಅನ್ನಿಸ್ತಿತ್ತು."

ಮರಿ ಎದ್ದು ನಿಂತ. ಬೆನ್ನು ಈಗ ಬೇರೆ ಆಗಿತ್ತು.

"ಇದು ನಮ್ಮಪ್ಪನ ಕೈ ಅಲ್ಲ ಸಾರ್. ನಾನು ಒತ್ತಲ್ಲ."

"ಯೋಚನೆ ಮಾಡಿ ಮಾತಾಡಿ," ಎಂದರು ಪ್ರಿನ್ಸಿಪಾಲರು. ಬೆಣ್ಣೆ ಎಲ್ಲ ಕರಗಿಹೋಗಿತ್ತು. "ಆರ್ಡರಿಗೆ ಇನ್ನೂ ಸಹಿ ಬಿದ್ದಿಲ್ಲ. ನಾಳೆ ನಿಮ್ಮ ಟೆಂಪರರಿನೂ ಮುಂದುವರಿಸಬೇಕಾದವನು ನಾನೇ."

"ಕೇಳಿಸ್ಕೊಂಡ್ಯೇನಪ್ಪ?" ಎಂದು ಟೀಚರು ಶಿಲ್ಪಿಯನ್ನು ಕೇಳಿದರು. ದನಿ ವಾಪಸು ಬಂದಿತ್ತು. ಗೋಡೆಯ ಕಂಬಿಯ ಸುರುಳಿ ಸಣ್ಣಗೆ ಗುಂಯ್ ಎಂದಿತು. "ಪ್ರೀತಿಯಿಂದ ಬಾಗಿಲು ತೆರೆಯೋದು ಅಂದ್ರೆ ಇದೇ ನೋಡು."

ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು, ಫೋನು ನೋಡಿಕೊಂಡರು. ಬರಬೇಕಾದ ದೊಡ್ಡವರಿಗೆಲ್ಲ ಕರೆ ಹೋಗಿದೆ. ಮೂರ್ತಿ ಇಲ್ಲದೆ ಬರಿ ಪೀಠಕ್ಕೆ ಹಾರ ಹಾಕಿಸುವುದಕ್ಕಾಗುತ್ತದೆಯೇ? ಶಿಲ್ಪಿಯನ್ನು ಗದರಿಸಿ ನೋಡಿದರು. ಅವನು ಒದ್ದೆ ಬಟ್ಟೆ ಎತ್ತಿಕೊಂಡು ಮೂರ್ತಿಗೆ ಮತ್ತೆ ಸುತ್ತತೊಡಗಿದ. "ಗುರುತಿಲ್ಲದೆ ಒಲೆ ಹಚ್ಚಲ್ಲ ಸಾರ್. ಬೇರೆಯವರನ್ನ ನೋಡ್ಕೊಳ್ಳಿ." ಬೇರೆಯವರನ್ನು ನೋಡಿಕೊಳ್ಳುವ ಕಾಲ ಮುಗಿದಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಆಯ್ತು," ಎಂದರು ಪ್ರಿನ್ಸಿಪಾಲರು, ಹಲ್ಲು ಕಚ್ಚಿಕೊಂಡು. "ತೆಗೆದುಹಾಕಿ ಆ ಎರಡು ಬೆರಳು. ಒತ್ತಿ ಮುಗಿಸಿ."

ಶಿಲ್ಪಿ ಬಟ್ಟೆ ಬಿಟ್ಟು ಮೇಜಿನಿಂದ ಕಟಿಂಗ್ ಪ್ಲೇಯರ್ ಎತ್ತಿಕೊಂಡ. ಮಣ್ಣಿನ ಬೆರಳಿನೊಳಗೆ ಕಂಬಿ ಇರುತ್ತದೆ, ಚಾಕುವಿಗೆ ಬಗ್ಗುವುದಿಲ್ಲ.

"ನಿಲ್ಲಪ್ಪ," ಎಂದರು ಟೀಚರು. "ನೀನಲ್ಲ."

ಅವನ ಕೈಯಿಂದ ಪ್ಲೇಯರ್ ತೆಗೆದುಕೊಂಡು ಪ್ರಿನ್ಸಿಪಾಲರ ಎದುರು ಹಿಡಿದರು.

"ಮೊದಲನೇ ಸಲ ಕಾಲೇಜೇ ಕತ್ತರಿಸಿದ್ದು. ಈಗಲೂ ಕಾಲೇಜೇ ಕತ್ತರಿಸ್ಲಿ."

"ಏನು ಮಾತು ಮೇಡಂ ಇದು? ನನ್ನ ಡ್ರೈವರ್ ಇದಾನೆ, ಕರೀತೀನಿ ಇರಿ."

"ಅವತ್ತೂ ಹೀಗೇ ಆಗಿದ್ದು." ಟೀಚರ ದನಿ ನಡುಗಿತು, ಆದರೆ ತಗ್ಗಲಿಲ್ಲ. "ನಾನು ಅಲ್ಲೇ ನಿಂತಿದ್ದೆ. ಆ ಪ್ರಿನ್ಸಿಪಾಲರೂ ಗೇಟು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ನಿಂತು ಗೇಟಿನವನಿಗೆ ಹೇಳಿದ್ರು. ಮನೆಗೆ ಹೋಗಿ ಊಟಾನೂ ಮಾಡಿರ್ತಾರೆ. ಆ ಗೇಟಿನವನು ಸಾಯೋ ತನಕ ನಮ್ಮ ಸೇತುವೆ ದಾಟಿ ಬಂದು ಅಣ್ಣನ ಮುಂದೆ ಕೂತು ಅಳ್ತಿದ್ದ. ನಿಮ್ಮ ಡ್ರೈವರಿಗೂ ಆ ಗತಿ ತರಬೇಡಿ. ನಿಮ್ಮದೇ ಕೈ ತಾನೇ ಅದು, ನೀವೇ ಚಾಚಿ ಮಾಡಿಸಿದ್ದು? ನೀವೇ ತೆಗೀರಿ."

ಪ್ರಿನ್ಸಿಪಾಲರು ಮರಿಯನ್ನು ನೋಡಿದರು. ಮರಿ ಕಣ್ಣು ತಪ್ಪಿಸಲಿಲ್ಲ. ಶಿಲ್ಪಿಯನ್ನು ನೋಡಿದರು. ಅವನು ಮಣೆ ತಿರುಗಿಸಿ ಎಡಗೈಯನ್ನು ಅವರ ಕಡೆಗೆ ತಂದು ನಿಲ್ಲಿಸಿದ.

ಅವರು ಪ್ಲೇಯರ್ ತೆಗೆದುಕೊಂಡರು. ಕಿರುಬೆರಳಿಗೆ ಇಟ್ಟಾಗ ಕೈ ಜಾರಿತು. ಎರಡನೆಯ ಸಲ ಕಂಬಿ ಟಕ್ ಎಂದಿತು, ಬೆರಳು ಮಣೆಯ ಮೇಲೆ ಬಿತ್ತು. ಉಂಗುರದ ಬೆರಳಿನ ಹೊತ್ತಿಗೆ ಅವರು ಬೆವೆತುಹೋಗಿದ್ದರು. ಕಣ್ಣು ಮುಚ್ಚಿ ಒತ್ತಿದರು. ಇನ್ನೊಂದು ಸಲ ಟಕ್ ಎಂದಿತು. ಅವರ ಸ್ವಂತ ಎಡಗೈ ಯಾವಾಗ ಹೋಗಿ ಪ್ಯಾಂಟಿನ ಜೇಬು ಸೇರಿತೋ ಅವರಿಗೇ ಗೊತ್ತಾಗಲಿಲ್ಲ.

ಟೀಚರು ಬಗ್ಗಿ ಎರಡೂ ಬೆರಳು ಎತ್ತಿಕೊಂಡರು. ಒಂದರಲ್ಲಿ ಉಂಗುರ ಹಾಗೇ ಇತ್ತು. ಅಂಗೈಯಲ್ಲಿಟ್ಟು ಪ್ರಿನ್ಸಿಪಾಲರ ಮುಂದೆ ಚಾಚಿದರು.

"ತಗೊಳ್ಳಿ ಸಾರ್. ಇವು ನಿಮ್ಮವು. ನಮ್ಮಣ್ಣನವು ನಿಮ್ಮ ಗೇಟಿಗೆ ಹೋಗಿ ಎಷ್ಟೋ ಕಾಲ ಆಯ್ತು."

ಅವರು ತೆಗೆದುಕೊಂಡರು. ಹೂಗುಚ್ಛವನ್ನು ಮರೆತು ಕಾರಿಗೆ ಹೋದರು. ಮರಿಯ ಆರ್ಡರಿನ ಮಾತು ಅವರೂ ಎತ್ತಲಿಲ್ಲ, ಮರಿಯೂ ಕೇಳಲಿಲ್ಲ. ಅದು ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಶಿಲ್ಪಿ ಕತ್ತರಿಸಿದ ಜಾಗವನ್ನು ಒದ್ದೆ ಬೆರಳಿನಿಂದ ತೀಡಿ ನಯಮಾಡಿದ. ಹೇಗಿತ್ತು, ಎಲ್ಲಿ ಉಬ್ಬಿತ್ತು ಎಂದು ಟೀಚರು ಹೇಳುತ್ತ ಹೋದರು. ಅದಾದ ಮೇಲೆ ಮರಿ ಮತ್ತೆ ಬಗ್ಗಿದ. ಅವನ ಮುಷ್ಟಿ ಈಗ ದೊಡ್ಡದು, ಆದರೂ ಆ ಜಾಗದಲ್ಲಿ ಕೂತಿತು. ಇನ್ನೊಂದು ಕೈಯ ಹೆಬ್ಬೆರಳನ್ನು ಹಸಿಮಣ್ಣಿಗೆ ಒತ್ತಿದ. ಅದರ ಪಕ್ಕ ಟೀಚರೂ ಒತ್ತಿದರು.

ಹೊರಗೆ ಬಂದು ಆಟೋ ಕಾಯುವಾಗ ಮರಿ ಉಗುರಿನ ಮಣ್ಣು ತೆಗೆಯುತ್ತ ನಿಂತಿದ್ದ.

"ಅತ್ತೆ, ನಾಳೆಯಿಂದ ನಾನು ಮುಂದಿನ ಗೇಟಿಂದಲೇ ಹೋಗ್ತೀನಿ."

"ಹಾಜರಿ ಮಷೀನು?"

"ಬೇಕಾದ್ರೆ ಅವರೇ ಮುಂದಕ್ಕೆ ತಂದು ಇಟ್ಕೊಳ್ಳಲಿ."

ಟೀಚರು ಕನ್ನಡಕ ಮೇಲೇರಿಸಿಕೊಂಡರು. "ಗುಡಿಸೋರಿಗೂ ತೋಟದೋರಿಗೂ ಇವತ್ತು ಸಂಜೇನೇ ಹೇಳು. ನಾನೂ ಬರ್ತೀನಿ."

"ಗೇಟು ಮುಚ್ಚಿದ್ರೆ?"

"ಮುಚ್ಚಲಿ," ಎಂದರು ಟೀಚರು. "ನನಗೂ ಹತ್ತು ಬೆರಳಿದಾವೆ."